ಹುರುಪಿನ ದಿನಗಳನ್ನೂ ಡಾಕ್ಟರಿಗೆ ಹೇಳಿ

ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವವರು ಮನೆಯಲ್ಲಿದ್ದಾರೆಯೇ? ಅವರು ಮಂಕಾಗಿ ಕೂತ ದಿನಗಳ ಜೊತೆಗೆ ಅತಿ ಚುರುಕಾಗಿದ್ದ ದಿನಗಳನ್ನೂ ನೆನಪಿಸಿಕೊಳ್ಳಿ. ‘ತುಂಬಾ ಖುಷಿಯಾಗಿದ್ದೇನೆ’ ಎಂದು ಯಾರೂ ಡಾಕ್ಟರ ಹತ್ತಿರ ದೂರು ಒಯ್ಯುವುದಿಲ್ಲವಲ್ಲ! ಖಿನ್ನತೆಯೂ ಅತಿ ಹುರುಪೂ ಬಂದು ಹೋಗುವ ಬೈಪೋಲಾರ್ ಕಾಯಿಲೆ ಎಷ್ಟೋ ವರ್ಷ ಬರೀ ಖಿನ್ನತೆಯ ಹೆಸರಲ್ಲೇ ಉಳಿದುಬಿಡುವುದು ಹೀಗೆ.

ಮೂರೇ ಗಂಟೆ ಮಲಗಿದರೂ ಆಯಾಸವಿಲ್ಲ. ನಡುರಾತ್ರಿ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ತೊಳೆಯುವುದು, ಮಾತಿಗೆ ಬ್ರೇಕೇ ಇಲ್ಲದಿರುವುದು, ಸಾಲ ಮಾಡಿ ಖರೀದಿ, ಸಣ್ಣದಕ್ಕೂ ಸಿಡುಕು. ಇಂಥದ್ದು ಸತತ 4 ದಿನವಾದರೂ ಇದ್ದರೆ ವೈದ್ಯರು ಹೈಪೋಮೇನಿಯಾ, ಅಂದರೆ ಉನ್ಮಾದದ ಸೌಮ್ಯ ರೂಪ, ಇರಬಹುದೇ ಎಂದು ನೋಡುತ್ತಾರೆ. ಮನೆಯವರಿಗೋ ‘ಸದ್ಯ, ಗುಣವಾಯಿತು’ ಅನ್ನಿಸಿರುತ್ತದೆ. ನಿದ್ದೆ ಬಾರದೆ ಒದ್ದಾಡುವುದೇ ಬೇರೆ, ನಿದ್ದೆಯೇ ಬೇಡವೆನ್ನಿಸುವುದೇ ಬೇರೆ. ನನ್ನ ಪ್ರಕಾರ ಮೊದಲು ಗಮನಿಸಬೇಕಾದದ್ದು ಇದನ್ನೇ.

ಹದಿಹರೆಯದಲ್ಲೇ ಶುರುವಾಗಿ ಮರುಕಳಿಸುತ್ತಿರುವ ಖಿನ್ನತೆ, ರಕ್ತಸಂಬಂಧಿಗಳಲ್ಲಿ ಬೈಪೋಲಾರ್, ಹೆರಿಗೆಯ ಬೆನ್ನಿಗೇ ಬಂದ ಏರುಪೇರು, ಇವನ್ನೂ ಹೇಳಿ. ಖಿನ್ನತೆಯ ಮಾತ್ರೆ ಶುರುಮಾಡಿದ ಮೇಲೆ ವಿಪರೀತ ಹುರುಪು ಬಂದಿದ್ದರೆ ಅದನ್ನಂತೂ ಮುಚ್ಚಿಡಬೇಡಿ. ಬೈಪೋಲಾರ್ ಇರುವ ಕೆಲವರನ್ನು ಆ ಮಾತ್ರೆಯೊಂದೇ ಉನ್ಮಾದಕ್ಕೆ ದೂಡಬಹುದು. ಹಾಗಂತ ನೀವೇ ಮಾತ್ರೆ ನಿಲ್ಲಿಸಬೇಡಿ (ಇದನ್ನೋದಿ ಯಾರಿಗೂ ಕಾಯಿಲೆಯ ಹೆಸರು ಅಂಟಿಸಲೂಬೇಡಿ). ಲಿಥಿಯಂನಂಥ ಬೇರೆ ಔಷಧ ಬೇಕೇ ಎಂಬುದು ಮನೋವೈದ್ಯರ ತೀರ್ಮಾನ.

ಮುಂದಿನ ಸಲ ಜೊತೆಗೆ ನೀವೂ ಹೋಗಿ. ಆ ಹುರುಪಿನ ದಿನಗಳು ಎಷ್ಟೋ ಸಲ ಅವರಿಗಿಂತ ಪಕ್ಕದಲ್ಲಿದ್ದವರಿಗೇ ಚೆನ್ನಾಗಿ ನೆನಪಿರುತ್ತವೆ. ಸಾಯುವ ಮಾತು ಬಂದರೆ ಮಾತ್ರ ಅಪಾಯಿಂಟ್‌ಮೆಂಟಿಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲುರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.