ಗೇರಿಗಿಂತ ಮೊದಲು ಟೈರು ನೋಡಿ

ಪ್ರಶ್ನೆ: ನಮ್ಮದು ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡ. ಕೆಲಸಕ್ಕೆ ದಿನಾ ಒಂದು ಕಡೆಗೆ ಹನ್ನೆರಡು ಕಿಲೋಮೀಟರು ಹೋಗಬೇಕು, ಅದರಲ್ಲಿ ಸ್ವಲ್ಪ ದೂರ ಕಚ್ಚಾ ರಸ್ತೆ. ಮೋಟರ್‌ಸೈಕಲ್ ಬಿಟ್ಟು ಸೈಕಲ್ ಹಿಡಿಯಬೇಕೆಂದು ಮಾಡಿದ್ದೇನೆ. ರವಿವಾರ ಚಂದ್ರಂಪಳ್ಳಿ, ಮಳಖೇಡದ ಕಡೆ ದೂರ ಹೋಗುವ ಆಸೆಯೂ ಇದೆ. ಎರಡಕ್ಕೂ ಒಂದೇ ಸೈಕಲ್ ನಡೆಯುತ್ತದೆಯೇ? ಅಂಗಡಿಯವರು 21 ಗೇರಿನ, ಹಿಂದೆ ಮುಂದೆ ಶಾಕ್ ಇರುವ ಸೈಕಲ್ಲೇ ಒಳ್ಳೆಯದು ಎನ್ನುತ್ತಾರೆ. ಏನು ತೆಗೆದುಕೊಳ್ಳಲಿ?

ಉತ್ತರ: ಒಂದೇ ಸೈಕಲ್ ಧಾರಾಳವಾಗಿ ನಡೆಯುತ್ತದೆ. ಆದರೆ ಅಂಗಡಿಯವರು ತೋರಿಸಿದ್ದು ಬೇಡ. ಸೈಕಲ್ ಕೊಳ್ಳಲು ಹೋದವರೆಲ್ಲ ಮೊದಲು ಕೇಳುವುದು ಗೇರು ಎಷ್ಟು ಎಂದು. ನೀವು ಟೈರು ಎಷ್ಟು ಅಗಲ ಎಂದು ಕೇಳಿ. ಸೈಕಲ್ ಕೆಟ್ಟರೆ ನಿಮ್ಮೂರಿನ ಪಂಚರ್ ಅಂಗಡಿಯವರಿಗೆ ಬಿಚ್ಚಿ ಕಟ್ಟಲು ಬರುತ್ತದೆಯೇ ಎಂಬುದು ಎರಡನೆಯ ಪ್ರಶ್ನೆ. ಈ ಎರಡಕ್ಕೆ ಸರಿಯಾದ ಉತ್ತರ ಸಿಕ್ಕರೆ ಉಳಿದದ್ದು ಕಷ್ಟವಲ್ಲ.

ನಿಮ್ಮ ಸೀಮೆಯ ನೆಲ ಎರಡು ಬಗೆಯದು. ತಗ್ಗಿನಲ್ಲಿ ಎರೆಭೂಮಿ, ತೊಗರಿ ಬೆಳೆಯುವ ಕರಿ ಮಣ್ಣು. ಮೇಲೆ ಕಾಡಿನ ಕಡೆಗೆ ಹೋದಂತೆ ಕೆಂಪು ಮೊರಂ ನೆಲ. ಎರೆಮಣ್ಣಿನ ಗುಣ ನಿಮಗೆ ಹೇಳಬೇಕಾಗಿಲ್ಲ. ಮಳೆ ಬಿದ್ದ ಮೇಲೆ ಅದು ಟೈರಿಗೆ ಮೆತ್ತಿಕೊಂಡು ಮಡ್‌ಗಾರ್ಡಿನೊಳಗೆ ಗಟ್ಟಿಯಾಗಿ ತುಂಬಿಕೊಳ್ಳುತ್ತದೆ. ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಚಕ್ರ ನಿಂತೇಬಿಡುತ್ತದೆ, ಆಮೇಲೆ ಕಟ್ಟಿಗೆ ಹಿಡಿದು ಕೆರೆಯಬೇಕು. ಆದ್ದರಿಂದ ಟೈರಿಗೂ ಫೋರ್ಕಿಗೂ ನಡುವೆ, ಟೈರಿಗೂ ಮಡ್‌ಗಾರ್ಡಿಗೂ ನಡುವೆ ಒಂದೊಂದು ಬೆರಳಾದರೂ ಸಲೀಸಾಗಿ ಹೋಗುವಷ್ಟು ಜಾಗ ಇರಲೇಬೇಕು. ರೇಸಿನ ಸೈಕಲ್ಲಿನಲ್ಲಿ ಆ ಜಾಗ ಇರುವುದಿಲ್ಲ. ಅದರ 25, 28 ಮಿಲಿಮೀಟರಿನ ಟೈರು ನುಣುಪು ಡಾಂಬರಿಗೆ ಸರಿ, ಖಡಿ ಎದ್ದ ರಸ್ತೆಯಲ್ಲಿ ಟ್ಯೂಬಿಗೂ ಬೆನ್ನಿಗೂ ಏಟು. ಅತ್ತ ಎರಡೂಕಾಲು ಇಂಚಿನ ಗುಬಟೆ ಟೈರಿನ ಮೌಂಟನ್ ಸೈಕಲ್ ಕೆಸರಿಗೆ ಗಟ್ಟಿಗ. ಡಾಂಬರಿನ ಮೇಲೆ ಮಾತ್ರ ಗುಂಯ್‌ಗುಡುತ್ತ ನಿಮ್ಮ ಶಕ್ತಿಯನ್ನು ಕುಡಿಯುತ್ತದೆ. ನಿಮಗೆ ಬೇಕಾದದ್ದು ಇವೆರಡರ ನಡುವಿನದು: 38ರಿಂದ 42 ಮಿಲಿಮೀಟರು ಅಗಲ, ನಡುವೆ ಹೆಚ್ಚುಕಡಿಮೆ ನುಣುಪಾಗಿದ್ದು ಅಂಚಿನಲ್ಲಿ ಸ್ವಲ್ಪ ಗೀರು ಇರುವ ಟೈರು. ಅಂಗಡಿಯಲ್ಲಿ ಇಂಥ ಸೈಕಲ್ಲಿಗೆ ಹೈಬ್ರಿಡ್ ಎನ್ನುತ್ತಾರೆ. 35ರ ಟೈರು ಹಾಕಿ ಕೊಟ್ಟಿದ್ದರೆ ಫ್ರೇಮಿನಲ್ಲಿ 40 ಹಿಡಿಸುತ್ತದೆಯೇ ನೋಡಿಕೊಳ್ಳಿ.

ಇನ್ನು ಶಾಕ್ ಅಬ್ಸಾರ್ಬರ್. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದದ್ದೇ, ಮಗನ ಮೂರು ಗಾಲಿಯ ಸೈಕಲ್ ಕಲ್ಲುಹಾದಿಯಲ್ಲಿ ಕುಲುಕುವುದನ್ನು ನೋಡಲಾರದೆ. ಅಗಲ ಟೈರಿನೊಳಗಿನ ಗಾಳಿಯೇ ಎಲ್ಲಕ್ಕಿಂತ ಹಗುರವಾದ, ಎಂದೂ ಗ್ರೀಸು ಕೇಳದ ಶಾಕ್. ಹತ್ತು ಹದಿನೈದು ಸಾವಿರದ ಸೈಕಲ್ಲಿಗೆ ಹಾಕುವ ಸ್ಪ್ರಿಂಗ್ ಫೋರ್ಕು ಎರಡು ಕೆ.ಜಿ.ಗೂ ಹೆಚ್ಚು ತೂಗುತ್ತದೆ, ಎದ್ದು ನಿಂತು ತುಳಿದಾಗೆಲ್ಲ ಕುಸಿದು ನಿಮ್ಮ ಬಲವನ್ನು ನುಂಗುತ್ತದೆ, ಒಂದೆರಡು ಮಳೆಗಾಲ ಕಳೆದರೆ ಧೂಳು ನೀರು ಸೇರಿ ಬಿಗಿಯುತ್ತದೆ. ಹಿಂದೆಯೂ ಶಾಕ್ ಇದ್ದರಂತೂ ಕ್ಯಾರಿಯರ್ ಕೂರಿಸುವುದೇ ಕಷ್ಟ. ಬುತ್ತಿ, ಚೀಲ ಎಲ್ಲಿ ಕಟ್ಟುತ್ತೀರಿ? ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಫೋರ್ಕು, ಗಟ್ಟಿ ಫ್ರೇಮೇ ಇರಲಿ. ಹಿಂದಿನ ಚಕ್ರದ ಅಚ್ಚಿನ ಹತ್ತಿರ ಫ್ರೇಮಿನಲ್ಲಿ ಕ್ಯಾರಿಯರ್‌ಗೂ ಮಡ್‌ಗಾರ್ಡಿಗೂ ಬೋಲ್ಟು ಹಾಕುವ ತೂತು ಇದೆಯೇ ಎಂದು ಬಗ್ಗಿ ನೋಡಿ. ಚಿಕ್ಕ ತೂತು, ಆದರೆ ಅದಿಲ್ಲದ ಸೈಕಲ್ ದಿನನಿತ್ಯದ ಕೆಲಸಕ್ಕೆ ಬರುವುದಿಲ್ಲ.

ಟೈರಿನ ಪಕ್ಕೆಯಲ್ಲಿ ಅಚ್ಚಾದ ಅಂಕಿಗಳನ್ನು ಓದುವುದು ಕಲಿತುಕೊಳ್ಳಿ, ಇದು ತುಂಬ ಉಪಯೋಗಕ್ಕೆ ಬರುತ್ತದೆ. 40-622 ಎಂದಿದ್ದರೆ 40 ಎಂಬುದು ಅಗಲ, 622 ಎಂಬುದು ಟೈರು ರಿಮ್ಮಿನ ಮೇಲೆ ಕೂರುವ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಹೊಂದಬೇಕಾದದ್ದು ಎರಡನೆಯ ಅಂಕಿ. ಹೈಬ್ರಿಡ್ಡಿನ 700ಸಿ ಚಕ್ರವೂ, ಮೌಂಟನ್ ಸೈಕಲ್ಲಿನ 29 ಇಂಚಿನ ಚಕ್ರವೂ 622ರವೇ, ಹೆಸರು ಮಾತ್ರ ಬೇರೆ. ತದ್ವಿರುದ್ಧವಾಗಿ, ನಮ್ಮ ಹಳೆಯ ಕರಿ ಸೈಕಲ್ಲಿನ 28 ಇಂಚು ಎಂಬುದು 635. ಅದರ ಟೈರು ಹೈಬ್ರಿಡ್ಡಿಗೆ ಏರುವುದೇ ಇಲ್ಲ. 26 ಇಂಚಿನಲ್ಲಿ ಗೊಂದಲ ಇನ್ನೂ ಹೆಚ್ಚು. ಮೌಂಟನ್ ಸೈಕಲ್ಲಿನ 26 ಎಂದರೆ 559, ಅದೇ 26 ಇಂಚು ಎಂದು ಬರೆದ ಲೇಡೀಸ್ ಸೈಕಲ್ಲಿನದು ಅದಕ್ಕಿಂತ ದೊಡ್ಡದು. ಸಣ್ಣ ಊರುಗಳಲ್ಲಿ 26ರ ಟೈರು ಟ್ಯೂಬು ಸುಲಭವಾಗಿ ಸಿಗುತ್ತವೆ, 700ಸಿ ಬೇಕಾದಾಗ ಸಿಗದಿರಬಹುದು. ಕಲಬುರಗಿಗೆ ಹೋಗಿ ಸೈಕಲ್ ತರುವ ದಿನವೇ ಎರಡು ಟ್ಯೂಬು, ಒಂದು ಟೈರು ಹೆಚ್ಚಿಗೆ ಕೊಂಡು ಮನೆಯಲ್ಲಿಡಿ. ಇದೊಂದು ಖರ್ಚಿಗೆ ಹಿಂದೆಮುಂದೆ ನೋಡಬೇಡಿ.

ವಾಲ್ವಿನ ಬಗೆಯೂ ಮುಖ್ಯ. ಹಳೆಯ ಸೈಕಲ್ಲುಗಳಲ್ಲಿ ಸಣ್ಣ ರಬ್ಬರಿನ ವಾಲ್‌ಟ್ಯೂಬ್ ಇರುತ್ತದೆ, ಬೇಸಿಗೆಯ ಬಿಸಿಗೆ ಅದು ಅಂಟುಅಂಟಾಗಿ ಹವಾ ಬಿಡುತ್ತದೆ. ರೇಸಿನ ಸೈಕಲ್ಲಿನ ಕಡ್ಡಿಯಂಥ ಸಪೂರ ವಾಲ್ವಿಗೆ ಬೇರೆ ಪಂಪೇ ಬೇಕು. ಮೋಟರ್‌ಸೈಕಲ್ಲಿಗಿರುವಂಥ ದಪ್ಪ ವಾಲ್ವೇ ನಿಮಗೆ ಸರಿ. ಯಾವ ಪಂಚರ್ ಅಂಗಡಿಯಲ್ಲೂ ಹವಾ ಹೊಡೆಸಬಹುದು. ಆದರೆ ಲಾರಿಗೆ ಹೊಡೆಯುವ ಕಂಪ್ರೆಸರ್‌ನಿಂದ ಒಂದೇ ಸಲಕ್ಕೆ ತುಂಬಿಸಬೇಡಿ, ಸೈಕಲ್ ಟ್ಯೂಬು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಒಡೆಯುತ್ತದೆ. ತುಸುತುಸುವೇ ಬಿಡಲು ಹೇಳಿ. 70 ಕೆ.ಜಿ. ತೂಕದವರಿಗೆ 40ರ ಟೈರಿನಲ್ಲಿ ಹಿಂದೆ 55, ಮುಂದೆ 45 ಪಿಎಸ್‌ಐ ಆಸುಪಾಸು ಸಾಕು. ಕಲ್ಲಿನಂತೆ ಬಿಗಿ ಮಾಡಿದರೆ ಬೇಗ ಓಡುತ್ತದೆ ಎಂಬುದು ತಪ್ಪು ತಿಳಿವಳಿಕೆ. ಒರಟು ರಸ್ತೆಯಲ್ಲಿ ಅದು ಕುಣಿಯುತ್ತದೆ, ಕುಣಿತಕ್ಕೆ ಹೋದ ಬಲ ಮುಂದೆ ಸಾಗಲು ಉಳಿಯುವುದಿಲ್ಲ. ಬಳ್ಳಾರಿ ಜಾಲಿಯ ಮುಳ್ಳನ್ನಂತೂ ಯಾವ ಟೈರೂ ಪೂರ್ತಿ ತಡೆಯಲಾರದು. ಬದಲಿ ಟ್ಯೂಬು, ಎರಡು ಪ್ಲಾಸ್ಟಿಕ್ ಲಿವರು, ಕೈಪಂಪು ಸೀಟಿನ ಕೆಳಗೆ ಕಟ್ಟಿಕೊಂಡೇ ಇರಿ. ಟ್ಯೂಬು ಬದಲಿಸುವ ಮುನ್ನ ಟೈರಿನ ಒಳಮೈಯನ್ನು ಬಟ್ಟೆಯಿಂದ ಒಂದು ಸುತ್ತು ಒರೆಸಿ ಮುಳ್ಳಿನ ಮುರಿದ ತುದಿ ಉಳಿದಿದೆಯೇ ನೋಡಿ. ಹೊಸ ಟ್ಯೂಬಿಗೂ ತೂತು ಬೀಳುವುದು ಆ ತುದಿಯಿಂದಲೇ.

ಗೇರಿನ ಲೆಕ್ಕ ಒಮ್ಮೆ ಮಾಡಿಬಿಡೋಣ. ಸಾದಾ ಸೈಕಲ್ಲಿನ ಚೈನ್‌ವೀಲಿಗೆ 44 ಹಲ್ಲು, ಫ್ರೀವೀಲಿಗೆ 18 ಹಲ್ಲು ಎಂದಿಟ್ಟುಕೊಳ್ಳಿ. ಚಕ್ರದ ಸುತ್ತಳತೆ ಸುಮಾರು 2.2 ಮೀಟರು. ಪೆಡಲ್ ಒಂದು ಸುತ್ತು ಬಂದರೆ ಸೈಕಲ್ 5.4 ಮೀಟರು ಮುಂದೆ ಹೋಗುತ್ತದೆ. ಬಯಲಿಗೆ ಸರಿ, ಏರಿಗೆ ಭಾರ. ಅದೇ ಫ್ರೀವೀಲ್ ತೆಗೆದು 22 ಹಲ್ಲಿನದು ಹಾಕಿದರೆ 4.4 ಮೀಟರು. ನಿಮಿಷಕ್ಕೆ 60 ಸುತ್ತು ತುಳಿದರೂ ಗಂಟೆಗೆ ಹದಿನಾರು ಕಿಲೋಮೀಟರು ಬರುತ್ತದೆ, ಮೊಣಕಾಲಿನ ನೋವು ಕಡಿಮೆಯಾಗುತ್ತದೆ. ಬರೀ ಕೆಲಸಕ್ಕೆ ಹೋಗಿ ಬರುವುದಷ್ಟೇ ಆಗಿದ್ದರೆ ನಾನು ಇದನ್ನೇ ಹೇಳಿ ನಿಲ್ಲಿಸುತ್ತಿದ್ದೆ. ಆದರೆ ಚಂದ್ರಂಪಳ್ಳಿಯ ಸುತ್ತ ಗುಡ್ಡಗಳಿವೆ, ಕುಂಚಾವರಂ ಕಾಡಿನ ಹಾದಿಯಲ್ಲಿ ಏರಿಳಿತವಿದೆ. ಮುಂದೆ ಒಂದೇ ಚೈನ್‌ವೀಲ್, ಹಿಂದೆ ಏಳು ಹಲ್ಲುಚಕ್ರ ಇರುವ ಸೈಕಲ್ ನೋಡಿ. ಮುಂದೆ 38, ಹಿಂದೆ 14ರಿಂದ 34ರವರೆಗೆ ಇದ್ದರೆ ಪೆಡಲಿನ ಸುತ್ತಿಗೆ ಎರಡೂವರೆ ಮೀಟರಿನಿಂದ ಆರು ಮೀಟರಿನವರೆಗೆ ಕೈಗೆ ಸಿಗುತ್ತದೆ. ಇದಕ್ಕಿಂತ ಹೆಚ್ಚು ಬೇಕಾಗುವ ರಸ್ತೆ ನಿಮ್ಮ ಸುತ್ತ ಇಲ್ಲ. 21 ಗೇರು ಎನ್ನುವುದು ಮೂರು ಏಳಲೆ ಇಪ್ಪತ್ತೊಂದು, ಅದರಲ್ಲಿ ಎಷ್ಟೋ ಗೇರುಗಳು ಹೆಚ್ಚುಕಡಿಮೆ ಒಂದೇ ಅಳತೆಯವು. ಮುಂದೆ ಚೈನು ಸರಿಸುವ ಡಿರೈಲರ್ ಕೆಸರು ಕಟ್ಟಿ ಮೊದಲು ಕೈಕೊಡುವ ಭಾಗವೂ ಹೌದು.

ಬ್ರೇಕಿಗೆ ಎರಡು ತೋಳಿನ ವಿ-ಬ್ರೇಕು ಸಾಕು. ರಬ್ಬರ್ ಗುಂಡಿ ಎಲ್ಲ ಕಡೆ ಸಿಗುತ್ತದೆ, ಯಾರು ಬೇಕಾದರೂ ಬದಲಿಸಬಹುದು. ಕೇಬಲ್ಲಿನ ಡಿಸ್ಕ್ ಬ್ರೇಕು ಮಳೆಯಲ್ಲಿ ಚೆನ್ನಾಗಿ ಹಿಡಿಯುತ್ತದೆ, ಬೇಡವೆನ್ನುವುದಿಲ್ಲ. ಎಣ್ಣೆ ತುಂಬಿದ ಹೈಡ್ರಾಲಿಕ್ ಬೇಡ.

ಅಳತೆಯ ವಿಷಯದಲ್ಲಿ ರಾಜಿಯಾಗಬೇಡಿ. ಅಂಗಡಿಯಲ್ಲಿ ಉಳಿದಿರುವ ಒಂದೇ ಸೈಕಲ್ಲನ್ನು ಸೀಟು ಎತ್ತಿ ಇಳಿಸಿ ನಿಮಗೆ ಹೊಂದಿಸಲು ನೋಡುತ್ತಾರೆ. ಐದೂವರೆ ಅಡಿ ಎತ್ತರದವರಿಗೆ 17 ಇಂಚಿನ ಆಸುಪಾಸಿನ ಫ್ರೇಮು ಸರಿಹೋಗುತ್ತದೆ. ನಡುವಿನ ಬಾರಿನ ಎರಡೂ ಕಡೆ ಕಾಲೂರಿ ನಿಂತಾಗ ಒಂದೆರಡು ಇಂಚು ಜಾಗ ಉಳಿಯಬೇಕು. ಸೀಟಿನ ಮೇಲೆ ಕೂತು ಪೆಡಲ್ ಪೂರ್ತಿ ಕೆಳಗೆ ಬಂದಾಗ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು, ಪಾದದ ಮುಂಭಾಗ ಇಟ್ಟು ತುಳಿಯುವಾಗ ಮೊಣಕಾಲು ಸ್ವಲ್ಪ ಮಡಿಚಿರಬೇಕು. ನಮ್ಮಲ್ಲಿ ಹೆಚ್ಚಿನವರು ನಿಂತರೆ ಎರಡೂ ಪಾದ ನೆಲಕ್ಕೆ ತಾಗಲಿ ಎಂದು ಸೀಟು ಇಳಿಸಿಕೊಂಡು, ವರ್ಷಗಟ್ಟಲೆ ಮೊಣಕಾಲು ನೋವು ಅನುಭವಿಸುತ್ತಾರೆ. ಮೆತ್ತನೆಯ ದಪ್ಪ ಸೀಟು ಅಂಗಡಿಯಲ್ಲಿ ಕೂತಾಗ ಹಿತ, ಮೂವತ್ತನೆಯ ಕಿಲೋಮೀಟರಿಗೆ ತೊಡೆಗಳ ನಡುವೆ ಉಜ್ಜುತ್ತದೆ. ತುಸು ಗಟ್ಟಿಯಾದದ್ದನ್ನೇ ಆರಿಸಿ.

ದೂರದ ಸವಾರಿಗೆ ರೇಸಿನ ಸೈಕಲ್ಲೇ ಬೇಕು ಎಂದು ಯಾರಾದರೂ ಹೇಳಿದರೆ ಬ್ರೆವೆ ಎಂಬ ಸವಾರಿಗಳ ನಿಯಮ ನೆನಪಿಸಿ. ಪ್ಯಾರಿಸಿನ ಆಡಾಕ್ಸ್ ಕ್ಲಬ್ಬಿನ ನಿಯಮದಂತೆ ಜಗತ್ತಿನ ತುಂಬ, ಬೆಂಗಳೂರಿನಲ್ಲೂ ಇವು ನಡೆಯುತ್ತವೆ. 200 ಕಿಲೋಮೀಟರು ಮುಗಿಸಲು 13 ಗಂಟೆ 30 ನಿಮಿಷ, ಊಟ, ಪಂಚರ್, ವಿಶ್ರಾಂತಿ ಎಲ್ಲ ಸೇರಿ. ಗಂಟೆಗೆ ಹದಿನೈದು ಕಿಲೋಮೀಟರೂ ಬೀಳುವುದಿಲ್ಲ. ಸರಿಯಾದ ಅಳತೆಯ ಹೈಬ್ರಿಡ್ಡಿನಲ್ಲಿ, ನೀವು ದಿನಾ ಇಪ್ಪತ್ತನಾಲ್ಕು ಕಿಲೋಮೀಟರು ತುಳಿಯುವವರಾದರೆ, ಇದು ಸಾಧ್ಯವಾಗದ ಮಾತಲ್ಲ.

ಮೊದಲು ಚಂದ್ರಂಪಳ್ಳಿಗೆ ಹೋಗಿ. ಆ ಜಲಾಶಯವೂ ಸುತ್ತಲಿನ ಕಾಡೂ 2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಜೀವಿ ಧಾಮದ ಸೀಮೆ. ಗೊಟ್ಟಂಗೊಟ್ಟದ ಕಡೆ ಕಾಡಿನೊಳಗೆ ಹೋಗುವುದಿದ್ದರೆ ಅರಣ್ಯ ಇಲಾಖೆಯವರನ್ನು ಕೇಳಿಕೊಂಡೇ ಹೋಗಿ. ಒಂದೆರಡು ತಿಂಗಳು ರೂಢಿಯಾದ ಮೇಲೆ ಸೇಡಂ ದಾಟಿ ಮಳಖೇಡ. ಅಮೋಘವರ್ಷ ನೃಪತುಂಗನ ರಾಜಧಾನಿಗೆ, ಕಾಗಿಣಾ ದಂಡೆಯ ಆ ಕೋಟೆಗೆ, ಸ್ವಂತ ಕಾಲಿನ ಬಲದಿಂದ ಹೋಗಿ ನಿಲ್ಲುವುದು ಕನ್ನಡಿಗರಿಗೆ ಸಣ್ಣ ಸಂತೋಷವಲ್ಲ. ಇನ್ನೂ ಹುಮ್ಮಸ್ಸಿದ್ದರೆ ಚಿತ್ತಾಪುರದ ಹತ್ತಿರದ ನಾಗಾವಿ, ಭೀಮೆಯ ದಂಡೆಯ ಸನ್ನತಿ. ಆದರೆ ಸೇಡಂ, ಮಳಖೇಡ, ವಾಡಿ, ಶಹಾಬಾದ್ ಎಂದರೆ ಸಿಮೆಂಟು ಮತ್ತು ಕಲ್ಲಿನ ಸೀಮೆ. ಲಾರಿಗಳು ಭಾರ ಹೊತ್ತು ಓಡಾಡುತ್ತವೆ. ಬಲಗಡೆ ಹ್ಯಾಂಡಲ್ಲಿಗೆ ಕನ್ನಡಿ, ಹಿಂದೆ ಹಗಲಲ್ಲೂ ಉರಿಯುವ ಕೆಂಪು ದೀಪ ಇಲ್ಲದೆ ಆ ರಸ್ತೆಗೆ ಇಳಿಯಬೇಡಿ. ಸುಣ್ಣಕಲ್ಲಿನ ಧೂಳು ಚೈನಿನ ಎಣ್ಣೆಗೆ ಸೇರಿ ಹಲ್ಲುಗಳನ್ನು ಸವೆಸುತ್ತದೆ. ಎಂಜಿನ್ ಆಯಿಲ್ ಸುರಿಯುವ ಬದಲು ಕೊಂಡಿಗೆ ಒಂದೊಂದು ಹನಿ ತೆಳು ಎಣ್ಣೆ ಬಿಟ್ಟು, ಮೇಲಿನದನ್ನು ಬಟ್ಟೆಯಿಂದ ಒರೆಸಿಬಿಡಿ.

ಮುಂಗಾರಿನಲ್ಲಿ ಪಡುವಣ ಗಾಳಿ ನಿಮ್ಮ ಬಯಲಿನಲ್ಲಿ ತಡೆಯಿಲ್ಲದೆ ಬೀಸುತ್ತದೆ. ಹೊರಡುವಾಗ ಗಾಳಿಗೆ ಎದುರಾಗಿ, ದಣಿದು ಬರುವಾಗ ಗಾಳಿ ಬೆನ್ನಿಗೆ ಇರುವಂತೆ ದಾರಿ ಗೊತ್ತುಮಾಡಿಕೊಳ್ಳಿ. ನಾಗರಾಳ ಜಲಾಶಯದಿಂದ ನೀರು ಬಿಟ್ಟ ದಿನ ಮುಲ್ಲಾಮಾರಿಯ ಸೇತುವೆ ಮೇಲೆ ನೀರಿದ್ದರೆ ಸೈಕಲ್ ಹೊತ್ತುಕೊಂಡು ದಾಟುವ ಸಾಹಸ ಖಂಡಿತ ಬೇಡ. ಬೇಸಿಗೆಯಲ್ಲಿ ಬೆಳಿಗ್ಗೆ ಐದೂವರೆಗೆ ಹೊರಟು ಹತ್ತರೊಳಗೆ ನೆರಳು ಸೇರಬೇಕು.

ಹಣದ ಮಾತು. ಗೇರಿನ ಹೈಬ್ರಿಡ್ಡಿಗೆ ಹದಿನೈದರಿಂದ ಇಪ್ಪತ್ತು ಸಾವಿರ ಇಟ್ಟುಕೊಳ್ಳಿ, ದೀಪ, ಬೀಗ, ಕ್ಯಾರಿಯರ್, ಹೆಲ್ಮೆಟ್ಟಿಗೆ ಬೇರೆ ಮೂರು ಸಾವಿರ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ನೋಡಿ. ಈಗಲೇ ಅಷ್ಟು ಹಣ ಹಾಕಲು ಮನಸ್ಸು ಒಪ್ಪದಿದ್ದರೆ, 2006–07ರಲ್ಲಿ ಶುರುವಾದ ಯೋಜನೆಯಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಕೊಟ್ಟ ಸೈಕಲ್ಲುಗಳು ಊರಲ್ಲಿ ಎಷ್ಟೋ ಮನೆಯ ಹಿತ್ತಿಲಲ್ಲಿ ಇರುತ್ತವೆ. ಒಂದನ್ನು ಕೇಳಿ ತಂದು, ಟೈರು ಟ್ಯೂಬು ಬದಲಿಸಿ, ಗ್ರೀಸು ಹಾಕಿಸಿ, ಸೀಟು ಎತ್ತರಿಸಿ ಎರಡು ವಾರ ಕೆಲಸಕ್ಕೆ ಹೋಗಿ ನೋಡಿ. ನಿಮ್ಮ ದಾರಿಯ ಯಾವ ಏರಿಗೆ ಗೇರು ಬೇಕು, ಯಾವ ಕಚ್ಚಾ ತುಂಡಿಗೆ ಅಗಲ ಟೈರು ಬೇಕು ಎಂದು ನಿಮ್ಮ ಕಾಲಿಗೇ ಗೊತ್ತಾಗುತ್ತದೆ.

ಹೊಸದು ಕೊಂಡಾಗ ಅಂಗಡಿಯಲ್ಲೇ ಹಿಂದಿನ ಚಕ್ರ ಎತ್ತಿ ಜೋರಾಗಿ ತಿರುಗಿಸಿ. ಬ್ರೇಕಿನ ಗುಂಡಿಗೂ ರಿಮ್ಮಿಗೂ ನಡುವಿನ ಸಂದು ಒಂದೇ ಸಮ ಕಾಣಬೇಕು. ಹೆಚ್ಚುಕಡಿಮೆಯಾದರೆ ಬೆಂಡ್ ತೆಗೆಸಿಯೇ ಹಣ ಕೊಡಿ. ಮೊದಲ ನೂರು ನೂರೈವತ್ತು ಕಿಲೋಮೀಟರಿಗೆ ಕಡ್ಡಿಗಳು ಸಡಿಲಾಗುತ್ತವೆ, ಅಂದರೆ ನಿಮ್ಮ ಲೆಕ್ಕಕ್ಕೆ ಒಂದು ವಾರದ ಓಡಾಟ. ಆಗ ಮಿಸ್ತ್ರಿಯ ಹತ್ತಿರ ಎಲ್ಲ ಕಡ್ಡಿಗಳನ್ನೂ ಒಮ್ಮೆ ಬಿಗಿ ಮಾಡಿಸಿ, ಪೆಡಲು ಹ್ಯಾಂಡಲ್ಲುಗಳ ಬೋಲ್ಟುಗಳನ್ನು ನೋಡಿಸಿ. ದೂರದ ಸವಾರಿಯನ್ನು ಆ ಬಳಿಕದ ರವಿವಾರಕ್ಕೆ ಇಟ್ಟುಕೊಳ್ಳಿ.