ತೂಗುಚಾವಣಿ: ನಮ್ಮ ಊರುಗಳಿಗೆ ಒಪ್ಪುವ ಒಂದು ಸ್ವಂತ ಉದ್ಯೋಗ

ಪದವಿ ಮುಗಿದ ಮೇಲೆ ಮುಂದೇನು? ಅಂತಿಮ ವರ್ಷದ ಬಿ.ಎ. ತರಗತಿಯಲ್ಲಿ ಕುಳಿತಿರುವ ನಮ್ಮೆಲ್ಲರನ್ನೂ ಈ ಪ್ರಶ್ನೆ ಕಾಡುತ್ತಿದೆ. ಸರ್ಕಾರಿ ನೌಕರಿಯೊಂದೇ ಇದಕ್ಕೆ ಉತ್ತರವೆಂದು ನಂಬಿದವರೇ ಹೆಚ್ಚು. ನೌಕರಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ನಾನೂ ಅರ್ಜಿ ಹಾಕುವವನೇ. ಆದರೆ ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಸಣ್ಣ ಬಂಡವಾಳದಿಂದ ಕೈಗೊಳ್ಳಬಹುದಾದ ಒಂದು ಕಸುಬನ್ನು ಕುರಿತು ನಾನು ತಿಳಿದುಕೊಂಡಷ್ಟನ್ನು ವಾಚಕ ಮಿತ್ರರ ಮುಂದಿಡಬಯಸುತ್ತೇನೆ. ಜನರು ‘ಫಾಲ್ಸ್ ಸೀಲಿಂಗ್’ ಎಂದು ಕರೆಯುವ ತೂಗುಚಾವಣಿಯ ಕೆಲಸವೇ ಅದು.

ಹೆಸರು ಹೊಸದಾದರೂ ವಿಚಾರ ನಮಗೆ ಹೊಸದಲ್ಲ. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಜಂತಿಗಳ ಸಂದಿನಿಂದ ಮಣ್ಣು ಉದುರಿ ಅಡುಗೆಯಲ್ಲಿ ಬೀಳದಿರಲೆಂದು ನನ್ನ ತಾಯಿ ಒಲೆಯ ನೇರಕ್ಕೆ ಹಳೆಯ ಸೀರೆಯೊಂದನ್ನು ಬಿಗಿದು ಕಟ್ಟಿದ್ದಳು. ಹಿಂದಿನವರು ಇಂಥದನ್ನು ಮೇಲ್ಕಟ್ಟು ಎಂದರು. ನಿಜವಾದ ಮಾಳಿಗೆಯ ಕೆಳಗೆ, ಭಾರ ಹೊರದೆ, ಮೇಲಿನಿಂದ ತೂಗಿಬಿಟ್ಟ ಎರಡನೆಯ ಹೊದಿಕೆಯೇ ತೂಗುಚಾವಣಿ. ತಂತಿ, ಕೊಳವೆಗಳನ್ನು ಅದು ಮರೆಮಾಡುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿಗೂ ಮೀರಿ ಕಾಯುವ ನಮ್ಮ ಸೀಮೆಯಲ್ಲಿ ಕಾಂಕ್ರೀಟ್ ಛತ್ತಿನ ಝಳವನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆ.

ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಕಚೇರಿ, ಬ್ಯಾಂಕುಗಳಲ್ಲಿ ಕಾಣುವ 2 ಅಡಿ ಚೌಕದ ಬಿಲ್ಲೆಗಳ ಚಾವಣಿ ಒಂದು. ಬಿಲ್ಲೆಯನ್ನು ಎತ್ತಿ ಮೇಲಿನ ತಂತಿ ರಿಪೇರಿ ಮಾಡಿ ಮತ್ತೆ ಇಡಬಹುದು. ಹೀಗೆ ತೆಗೆದಿಡಬಹುದಾದ ಚಾವಣಿಗೆ ಅಮೆರಿಕದ ಡೊನಾಲ್ಡ್ ಬ್ರೌನ್ ಎಂಬಾತನು 1961ರಲ್ಲಿ ಪೇಟೆಂಟ್ ಪಡೆದನು. ಇನ್ನೊಂದು ಮನೆಗಳಲ್ಲಿ ಹೆಚ್ಚಾಗಿ ಬಳಸುವ ಜಿಪ್ಸಮ್ ಬೋರ್ಡಿನದು. ಜಿಪ್ಸಮ್ಮಿನ ತೂಕದಲ್ಲಿ ಸುಮಾರು ಐದನೆಯ ಒಂದು ಪಾಲು ನೀರೇ ಇರುತ್ತದೆ. ಬೆಂಕಿ ತಾಕಿದಾಗ ಈ ನೀರು ಆವಿಯಾಗಿ ಹೋಗುವವರೆಗೆ ಬೋರ್ಡು ತಾಪವನ್ನು ತಡೆಯುತ್ತದೆ.

ಕಟ್ಟುವ ಕ್ರಮ ಹೀಗಿದೆ. ಮೊದಲು ನೀರು ತುಂಬಿದ ಲೆವೆಲ್ ಪೈಪಿನಿಂದ ನಾಲ್ಕು ಗೋಡೆಗಳ ಮೇಲೂ ಒಂದೇ ಮಟ್ಟದ ಗೆರೆ ಹಾಕಬೇಕು. ಆ ಗೆರೆಗೆ ಸತುವಿನ ಲೇಪವಿರುವ ಉಕ್ಕಿನ ಪೆರಿಮೀಟರ್ ಚಾನೆಲ್ ಬಡಿಯಬೇಕು. ಛತ್ತಿನಿಂದ 4 ಅಡಿಗೊಂದರಂತೆ ಇಂಟರ್‌ಮೀಡಿಯೆಟ್ ಚಾನೆಲ್ ತೂಗಿಬಿಟ್ಟು, ಅದಕ್ಕೆ ಅಡ್ಡಲಾಗಿ ಒಂದೂವರೆ ಅಡಿಗೊಂದು ಸೀಲಿಂಗ್ ಸೆಕ್ಷನ್ ಕೂರಿಸಬೇಕು. ಆ ಚೌಕಟ್ಟಿಗೆ 12.5 ಮಿಲಿಮೀಟರ್ ದಪ್ಪದ ಬೋರ್ಡುಗಳನ್ನು 25 ಮಿಲಿಮೀಟರ್ ಸ್ಕ್ರೂಗಳಿಂದ ಬಿಗಿದು, ಸಂದುಗಳಿಗೆ ಕಾಗದದ ಪಟ್ಟಿ ಅಂಟಿಸಿ ಮೆತ್ತಿದರೆ ಕೆಲಸ ಮುಗಿಯಿತು.

ಇನ್ನು ಲೆಕ್ಕ. 12 ಅಡಿ ಉದ್ದ, 10 ಅಡಿ ಅಗಲದ ಕೋಣೆಯನ್ನು ತೆಗೆದುಕೊಳ್ಳೋಣ. ವಿಸ್ತೀರ್ಣ 120 ಚದರಡಿ. 6 ಅಡಿಗೆ 4 ಅಡಿಯ ಬೋರ್ಡು 24 ಚದರಡಿ; ಆದ್ದರಿಂದ 5 ಬೋರ್ಡು. ಸುತ್ತಳತೆ 44 ಅಡಿ; 12 ಅಡಿಯ ಚಾನೆಲ್ ಆದರೆ 4 ಬೇಕು. ಸೀಲಿಂಗ್ ಸೆಕ್ಷನ್‌ಗಳು 7. ಆದರೆ ಸಂದುಗಳು ಒಂದೇ ಸಾಲಿಗೆ ಬಾರದಂತೆ ಕತ್ತರಿಸುವಾಗ ತುಂಡುಗಳು ವ್ಯರ್ಥವಾಗುತ್ತವೆ. ಒಂದೆರಡು ಅಂಚು ಮುರಿಯುವುದೂ ಉಂಟು. ಆರನೆಯ ಬೋರ್ಡಿನ ಬೆಲೆಯನ್ನು ದರದಲ್ಲಿ ಸೇರಿಸದವನು ತನ್ನ ಕೂಲಿಯನ್ನೇ ಕಳೆದುಕೊಳ್ಳುತ್ತಾನೆ. ಅಂಚಿನ ಮೆಟ್ಟಿಲಿನಂಥ ಅಲಂಕಾರಕ್ಕೆ ಚದರಡಿಯ ದರ ಸಾಲದು. ಅದನ್ನು ರನ್ನಿಂಗ್ ಫೂಟಿನ ಲೆಕ್ಕದಲ್ಲಿ ಬೇರೆಯಾಗಿ ಹಿಡಿಯಬೇಕು.

ಕೆಲವು ಎಚ್ಚರಿಕೆಗಳನ್ನು ಮರೆಯಲಾಗದು. ಫ್ಯಾನನ್ನು ಎಂದಿಗೂ ಬೋರ್ಡಿಗೆ ತೂಗಹಾಕಬಾರದು. ಅದರ ಕೊಂಡಿ ಮೇಲಿನ ಛತ್ತಿನಲ್ಲಿಯೇ ಇರಬೇಕು. ಸೋರುವ ಛತ್ತಿನ ಕೆಳಗೆ ಕೆಲಸ ಹಿಡಿಯಬಾರದು. ನೆನೆದ ಜಿಪ್ಸಮ್ ಜೋತುಬೀಳುತ್ತದೆ. ಹಳೆಯ ಜಂತಿಯ ಮಾಳಿಗೆಗೂ ಪರ್ಸಿ ಕಲ್ಲಿನ ಮಾಳಿಗೆಗೂ ಡ್ರಿಲ್ ಹಾಕುವ ಮುನ್ನ ಬಲ್ಲವರನ್ನು ಕೇಳಬೇಕು. ತಲೆಯ ಮೇಲೆ ಕಾಂಕ್ರೀಟ್ ಕೊರೆಯುವಾಗ ಉದುರುವ ಧೂಳು ಪುಪ್ಪುಸಕ್ಕೆ ಹಾನಿಕರ. ಮುಖಕ್ಕೆ ಮಾಸ್ಕ್, ಕಣ್ಣಿಗೆ ಕನ್ನಡಕ ಕಡ್ಡಾಯ.

ಇದನ್ನೆಲ್ಲ ನನಗೆ ಕಲಿಸಿದವನು ನನ್ನ ಅಣ್ಣ. ಅವನು ಏಳನೆಯ ತರಗತಿಗೆ ಶಾಲೆ ಬಿಟ್ಟು ಗುಳೆ ಹೋದವರೊಡನೆ ಬೆಂಗಳೂರು ಸೇರಿದ. ಅವನು ಕಳಿಸಿದ ಹಣದಿಂದ ನಾನು ನಮ್ಮ ಮನೆಯಲ್ಲಿ ಮೊದಲಿಗನಾಗಿ ಕಾಲೇಜಿನ ಮೆಟ್ಟಿಲು ಹತ್ತಿದೆ. ಒಮ್ಮೆ ಅವನೂ ಇನ್ನಿಬ್ಬರೂ ಸೇರಿ ದೊಡ್ಡ ಹಾಲೊಂದರ ಚಾವಣಿ ಮುಗಿಸಿದರು. ಗುತ್ತಿಗೆದಾರನು ಅಳತೆ ಕಡಿಮೆ ತೋರಿಸಿ ಹಣ ಮುರಿದುಕೊಂಡ. ಇವರ ಬಳಿ ಬರೆದ ಚೀಟಿಯಿರಲಿಲ್ಲ. “ತಮ್ಮಾ, ಅಳತಿ ಯಾರ ಕೈಯಾಗ ಇರ್ತದೋ ರೊಕ್ಕ ಅವರ ಕೈಯಾಗ ಇರ್ತದ” ಎಂದು ಅಣ್ಣ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ನಾಟಿತು. ಕೈಚಳಕ ಅವನಲ್ಲಿತ್ತು, ಇಲ್ಲದಿದ್ದುದು ಬರವಣಿಗೆ.

ಆದುದರಿಂದ ಈ ಉದ್ಯಮದ ಮೊದಲ ಬಂಡವಾಳ ಹಣವಲ್ಲ, ಲೆಕ್ಕದ ಪುಸ್ತಕವೆಂಬುದೇ ನನ್ನ ಅಭಿಪ್ರಾಯ. ಡ್ರಿಲ್, ಸ್ಕ್ರೂ ಯಂತ್ರ, ಏಣಿ, ಲೆವೆಲ್ ಪೈಪು ಇಷ್ಟಿದ್ದರೆ ಮೂವರ ತಂಡ ಕೆಲಸ ಆರಂಭಿಸಬಹುದು. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯು ಇಂಥ ಸಣ್ಣ ಕಸುಬುಗಳಿಗಾಗಿಯೇ 50,000 ರೂಪಾಯಿವರೆಗಿನ ‘ಶಿಶು’, ಅದರ ಮೇಲೆ 5 ಲಕ್ಷದವರೆಗಿನ ‘ಕಿಶೋರ’ ಸಾಲವೆಂಬ ವಿಭಾಗಗಳನ್ನು ಮಾಡಿತು. 2020ರಲ್ಲಿ ಬಂದ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಆದರೆ ಸಾಮಗ್ರಿಯನ್ನು ಸಾಲದಲ್ಲಿ ತಂದು ಉದ್ರಿಯಲ್ಲಿ ಕೆಲಸ ಮಾಡಿದರೆ ಯಾವ ಯೋಜನೆಯೂ ಕಾಪಾಡಲಾರದು. ಹತ್ತಿ, ತೊಗರಿ, ಭತ್ತದ ಸುಗ್ಗಿಯಾದ ಮೇಲೆ ಕೊಡುತ್ತೇನೆಂಬ ಮಾತು ನಮ್ಮಲ್ಲಿ ಸಾಮಾನ್ಯ. ಸಾಮಗ್ರಿಯ ಹಣ ಮುಂಗಡವಾಗಿ, ಚೌಕಟ್ಟು ನಿಂತಾಗ ಒಂದು ಕಂತು, ಮಾಲೀಕನ ಎದುರಿಗೆ ಅಳತೆಯಾದ ಮೇಲೆ ಉಳಿದದ್ದು ಎಂದು ಕೆಲಸಕ್ಕೆ ಮೊದಲೇ ಬರೆದು ಸಹಿ ಪಡೆಯುವುದು ಲೇಸು.

ಬರುವ ಯುಗಾದಿಗೆ ಅಣ್ಣ ಊರಿಗೆ ಮರಳಲಿದ್ದಾನೆ. ಶಹಾಪುರದಲ್ಲಿ ಒಂದು ಮಳಿಗೆ ಬಾಡಿಗೆಗೆ ಹಿಡಿಯುವ ಯೋಚನೆ ನಮ್ಮದು. ಅಲ್ಲಿಂದ ಯಾದಗಿರಿಗೂ ಸುರಪುರಕ್ಕೂ ಬೆಳಿಗ್ಗೆ ಹೋಗಿ ಸಂಜೆಗೆ ಮರಳಬಹುದು. “ಓದಿದ ಮಗ ಛತ್ತಿಗಿ ಸ್ಕ್ರೂ ಹೊಡೀತಾನೇನು?” ಎಂದು ತಾಯಿ ನೊಂದು ಕೇಳಿದಳು. ಸ್ಕ್ರೂ ಹೊಡೆಯುವುದನ್ನು ಅಣ್ಣನಿಂದ ಕಲಿಯುತ್ತೇನೆ, ಅಳತೆ ಬರೆಯುವುದನ್ನು ಅವನಿಗೆ ಕಲಿಸುತ್ತೇನೆ ಎಂದೆ. ಅವಳು ಮಾತಾಡಲಿಲ್ಲ, ಒಲೆಯ ಮೇಲಿನ ಸೀರೆಯನ್ನೊಮ್ಮೆ ನೋಡಿದಳು. ಮೊದಲ ಕೆಲಸದ ಲಾಭದಲ್ಲಿ ಆ ಮಾಳಿಗೆಯನ್ನು ರಿಪೇರಿ ಮಾಡಿಸಬೇಕೆಂದು ಅಣ್ಣನೂ ನಾನೂ ನಿಶ್ಚಯಿಸಿದ್ದೇವೆ.