ಒಪ್ಪಿಗೆಯಿಲ್ಲದೆ ಆಸ್ಪತ್ರೆಗೆ: ಕಾನೂನು ಒಪ್ಪುವ ಕಾರಣಗಳು ಯಾವುವು?

ಮನೆಯ ವಯಸ್ಕರೊಬ್ಬರನ್ನು, ಅವರು ಬೇಡವೆಂದರೂ, ಮನೋರೋಗ ಆಸ್ಪತ್ರೆಗೆ ಸೇರಿಸಬಹುದೇ? ಸೇರಿಸಬಹುದು. ಆದರೆ ಮನೆಯವರೆಲ್ಲ ಕೂತು ತೀರ್ಮಾನಿಸಿದರು, ಅಕ್ಕಪಕ್ಕದವರು ದೂರಿದರು ಎಂಬಷ್ಟು ಸಾಲದು. 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಸೆಕ್ಷನ್ 89 ಇದಕ್ಕೆ ಬಿಗಿಯಾದ ಮಿತಿ ಹಾಕಿದೆ.

ಕಾಯಿಲೆ ಎಷ್ಟು ತೀವ್ರವಾಗಿರಬೇಕೆಂದರೆ, ರೋಗಿ ಇತ್ತೀಚೆಗೆ ತನಗೆ ತಾನೇ ಹಾನಿ ಮಾಡಿಕೊಳ್ಳಲು ಹೊರಟಿರಬೇಕು ಅಥವಾ ಹಾಗೆಂದು ಬೆದರಿಸಿರಬೇಕು; ಇಲ್ಲವೇ ಇನ್ನೊಬ್ಬರ ಮೇಲೆ ಕೈಮಾಡಿರಬೇಕು ಅಥವಾ ಏಟು ಬೀಳುವ ಭಯ ಹುಟ್ಟಿಸಿರಬೇಕು; ಅದೂ ಅಲ್ಲದಿದ್ದರೆ, ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಪಾಯಕ್ಕೆ ಸಿಲುಕಿರಬೇಕು. ಹತ್ತು ವರ್ಷದ ಹಿಂದಿನ ಗಲಾಟೆ ಇಲ್ಲಿ ಲೆಕ್ಕಕ್ಕಿಲ್ಲ. ಇಷ್ಟಾದ ಮೇಲೂ, ಇದಕ್ಕಿಂತ ಕಡಿಮೆ ನಿರ್ಬಂಧದ ಬೇರೆ ದಾರಿಯಿಲ್ಲ, ಚಿಕಿತ್ಸೆಯ ಬಗ್ಗೆ ಸ್ವತಂತ್ರವಾಗಿ ನಿರ್ಧರಿಸುವ ಸ್ಥಿತಿಯಲ್ಲಿ ಅವರಿಲ್ಲ ಎಂಬುದು ಖಚಿತವಾಗಬೇಕು.

ವಾಸ್ತವದಲ್ಲಿ ಬೇರೆ ಸಂಗತಿಗಳೂ ತಳುಕು ಹಾಕಿಕೊಂಡಿರುತ್ತವೆ. 22 ದೇಶಗಳ 77 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ವಿಶ್ಲೇಷಣೆಯೊಂದು 2019ರಲ್ಲಿ 'ಲ್ಯಾನ್ಸೆಟ್ ಸೈಕಿಯಾಟ್ರಿ' ಪತ್ರಿಕೆಯಲ್ಲಿ ಬಂತು. ಒತ್ತಾಯದ ದಾಖಲಾತಿಗೆ ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ) ಕಾಯಿಲೆ, ಹಿಂದೊಮ್ಮೆ ಹಾಗೆಯೇ ದಾಖಲಾಗಿದ್ದ ಚರಿತ್ರೆ ಇವುಗಳ ಜೊತೆಗೆ ಸಂಗಾತಿಯಿಲ್ಲದಿರುವುದು, ಕೆಲಸವಿಲ್ಲದಿರುವುದು ಕೂಡ ನಂಟು ಹೊಂದಿದ್ದವು. ನನ್ನನ್ನು ಕಾಡುವುದು ಈ ಕೊನೆಯ ಎರಡು. ನಿರುದ್ಯೋಗವಾಗಲಿ ಸಂಗಾತಿಯಿಲ್ಲದಿರುವುದಾಗಲಿ ನಮ್ಮ ಕಾನೂನಿನಲ್ಲಿ ದಾಖಲಾತಿಗೆ ಕಾರಣವೇ ಅಲ್ಲ. ಆರ್ಥಿಕ, ಸಾಮಾಜಿಕ ಸ್ಥಾನಮಾನ ನೋಡಿ, ಅಥವಾ ಸಮಾಜದ ಕಟ್ಟುಪಾಡಿಗೆ ಹೊಂದಲಿಲ್ಲವೆಂದು ಯಾರನ್ನೂ ಮನೋರೋಗಿ ಎನ್ನುವಂತಿಲ್ಲ. ಹಿಂದೆ ಆಸ್ಪತ್ರೆಯಲ್ಲಿದ್ದರು ಎಂಬುದೊಂದೇ ಇಂದಿನ ಕಾಯಿಲೆಗೆ ಸಾಕ್ಷಿಯಾಗದು ಎನ್ನುತ್ತದೆ ಸೆಕ್ಷನ್ 3. ಆಸ್ತಿ ಜಗಳದಲ್ಲೋ ಮನೆಯವರು ಒಪ್ಪದ ಮದುವೆಯ ವಿಚಾರದಲ್ಲೋ 'ತಲೆ ಕೆಟ್ಟಿದೆ' ಎಂಬ ಮಾತು ಹುಟ್ಟಿದರೆ ಮೊದಲು ನೆನಪಾಗಬೇಕಾದ ಸೆಕ್ಷನ್ ಇದು.

ದಾಖಲಾತಿಗೆ, ರೋಗಿಯ ಪರವಾಗಿ ನಿಲ್ಲುವ 'ನಾಮನಿರ್ದೇಶಿತ ಪ್ರತಿನಿಧಿ'ಯ ಅರ್ಜಿ ಬೇಕು. ದಾಖಲಾತಿಯ ದಿನ ಅಥವಾ ಅದರ ಹಿಂದಿನ ಏಳು ದಿನಗಳೊಳಗೆ ಒಬ್ಬ ಮನೋವೈದ್ಯರು, ಜೊತೆಗೆ ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರು ಅಥವಾ ವೈದ್ಯರು ಬೇರೆಬೇರೆಯಾಗಿ ಪರೀಕ್ಷಿಸಿರಬೇಕು. ಅವಧಿ ಗರಿಷ್ಠ 30 ದಿನ. ಆಸ್ಪತ್ರೆಯು ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಏಳು ದಿನಗಳೊಳಗೆ, ರೋಗಿ ಮಹಿಳೆಯಾಗಿದ್ದರೆ ಮೂರೇ ದಿನಗಳೊಳಗೆ, ತಿಳಿಸಬೇಕು. ದಾಖಲಾತಿ ತಪ್ಪೆನಿಸಿದರೆ ರೋಗಿಯೇ ಮಂಡಳಿಗೆ ಅರ್ಜಿ ಹಾಕಬಹುದು. ಏಳು ದಿನಗಳಲ್ಲಿ ತೀರ್ಮಾನವಾಗಬೇಕು. ಉಚಿತ ಕಾನೂನು ನೆರವೂ ರೋಗಿಯ ಹಕ್ಕು. 30 ದಿನ ಮೀರಿ ಇರಿಸಿಕೊಳ್ಳಲು ಇಬ್ಬರು ಮನೋವೈದ್ಯರ ಅಭಿಪ್ರಾಯ, ಮಂಡಳಿಯ ಅನುಮತಿ ಎರಡೂ ಬೇಕು.

ಬೀದಿಯಲ್ಲಿ ಅಲೆಯುವ ಮನೋರೋಗಿಯನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಂಡರೆ 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು, ಲಾಕಪ್ಪಿನಲ್ಲಿ ಕೂರಿಸುವಂತಿಲ್ಲ. ಸರಪಳಿ ಬಿಗಿಯುವುದಂತೂ ಸಂಪೂರ್ಣ ನಿಷಿದ್ಧ. 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಹತ್ತಿದಾಗ ಕಟ್ಟಿಹಾಕಲಾಗಿದ್ದ ರೋಗಿಗಳು ತಪ್ಪಿಸಿಕೊಳ್ಳಲಾಗದೆ ಸುಟ್ಟುಹೋದದ್ದನ್ನು ಮರೆಯುವುದು ಹೇಗೆ?

ಹಾಗೆಂದು ನಿಜವಾದ ಅಪಾಯ ಎದುರಿಗಿರುವಾಗ ಮನೆಯವರು ಕಾನೂನಿಗೆ ಹೆದರಿ ಕೈಕಟ್ಟಿ ಕೂರಬಾರದು. ಪ್ರಾಣಕ್ಕೆ ಕುತ್ತು ಬಂದಾಗ ನೋಂದಾಯಿತ ವೈದ್ಯರು ಯಾರೇ ಆದರೂ 72 ಗಂಟೆಗಳವರೆಗೆ ತುರ್ತು ಚಿಕಿತ್ಸೆ ನೀಡಬಹುದು. ಏನು ಮಾಡುವುದೆಂದು ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.

ಆರೋಗ್ಯವಾಗಿರುವಾಗಲೇ ಮಾಡಿಡಬೇಕಾದ ಕೆಲಸವೊಂದಿದೆ. ಪ್ರತಿನಿಧಿಯನ್ನು ನೀವೇ ಹೆಸರಿಸದಿದ್ದರೆ ಆ ಸ್ಥಾನ ಸಾಮಾನ್ಯವಾಗಿ ಸಂಬಂಧಿಕರಿಗೆ ಹೋಗುತ್ತದೆ. ನಿಮ್ಮೊಂದಿಗೆ ವ್ಯಾಜ್ಯವಿರುವವರೇ ಅರ್ಜಿಗೆ ಸಹಿ ಹಾಕುವಂತಾಗಬಹುದು. ನೀವು ನಂಬುವ ವಯಸ್ಕರೊಬ್ಬರ ಹೆಸರನ್ನು ಬಿಳಿ ಹಾಳೆಯ ಮೇಲೆ ಬರೆದು ಸಹಿ ಹಾಕಿ ಅಥವಾ ಹೆಬ್ಬೆಟ್ಟು ಒತ್ತಿ. ಅವರ ಲಿಖಿತ ಒಪ್ಪಿಗೆಯನ್ನೂ ಪಡೆಯಿರಿ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬೇರೊಬ್ಬರನ್ನು ಹೆಸರಿಸಬಹುದು.